ಮನ್ಯಾಗ ಎಟಿಎಫ್ ಬದಲಿ ಮಾಡಿದ ಮ್ಯಾಲ ಗೇರ್ ಲೇಟ್ ಬೀಳ್ಲಿಕತ್ತದೇನ್ರಿ? ಗೇರ್‌ಬಾಕ್ಸ್ ಬಿಚ್ಚಸೋಕಿಂತ ಮೊದಲ ಇದು ನೋಡ್ರಿ

ಐತ್ವಾರ ನನ್ನ ಗಾಡಿದು ಎಟಿಎಫ್, ಅಂದ್ರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗಿನ ಆಯಿಲ್, ಬದಲಿ ಮಾಡಿದೆ. ಸೋಮವಾರ ಮುಂಜಾನಿ ಡ್ಯೂಟಿಗೆ ಹೊಂಟಾಗ ಡಿ (ಮುಂದ ಹೋಗೋ ಗೇರ್) ಹಾಕಿ ಬ್ರೇಕ್ ಬಿಟ್ಟೆ, ಗಾಡಿ ಮೆಲ್ಲಕ ಗೇಟಿನ ಕಡಿ ಸರೀತು, ಎಲ್ಲಾ ಬರೋಬ್ಬರಿ ಅದ ಬಿಡು ಅಂದ್ಕೊಂಡು ರೋಡಿಗಿಳಿದು ಎಕ್ಸಲೇಟರ್ ಒತ್ತಿದ್ರ ಇಂಜಿನ್ ಗುಂಯ್ ಅಂತದ, ಆರ್‌ಪಿಎಂ ಮುಳ್ಳು ಎರಡೂವರೆ ಸಾವಿರಕ್ಕ ಹೋಗ್ತದ, ಗಾಡಿ ಮಾತ್ರ ನಿಂತಲ್ಲೇ ನಿಂತದ. ಒಂದು, ಎರಡು, ಮೂರು ಅಂತ ಎಣಸೋದ್ರಾಗ ಹಿಂದಿಂದ ಯಾರೋ ಒದ್ದಂಗ ಧಪ್ ಅಂತ ಗೇರ್ ಬಿತ್ತು. ಕಲಬುರಗಿ ಜಗತ್ ಸರ್ಕಲ್ ಹತ್ರ ಮತ್ತ ಅದೇ ಆಟ, ಹಿಂದ ಆಟೋದವ್ರು ಹಾರ್ನ್ ಹೊಡಿಯೋದು, ನಾ ಬೆವರು ಒರಸ್ಕೊಳ್ಳೋದು. ಎರಡರಿಂದ ಮೂರನೇ ಗೇರಿಗೆ ಹೋಗೋ ಹೊತ್ತಿಗೂ ಆರ್‌ಪಿಎಂ ಒಮ್ಮೆ ಮ್ಯಾಲ ಜಿಗಿದು ಆಮ್ಯಾಲ ಕೆಳಗ ಬರ್ತಿತ್ತು, ಸೈಕಲ್ ಚೈನ್ ಹಲ್ಲು ತಪ್ಪಿದಂಗ.

ಶನಿವಾರ ತನಕ ಛಲೋ ಇದ್ದಂಗ ಕಂಡ ಗಾಡಿ ನಾ ಕೈ ಹಾಕಿದ ಮ್ಯಾಲ ಹಿಂಗ ಆಗ್ಯದ ಅಂದ್ರ, ತಪ್ಪು ನನ್ನ ಕೈದ್ದೇ ಇರ್ಬೇಕಲ್ರಿ. ಅಷ್ಟು ಸಾದಾ ವಿಚಾರ ಅವತ್ತು ತಲಿಗೆ ಬರಲಿಲ್ಲ. ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ, ಅಲ್ಲಿದ್ದ ಹುಡುಗ ಬಾನೆಟ್ ಸುದ್ದಾ ಎತ್ತಲಿಲ್ಲ, ಒಂದು ರೌಂಡ್ ಹೊಡೆದು ಬಂದು "ಸರ್, ಗೇರ್‌ಬಾಕ್ಸ್ ಹೋಗ್ಯದ, ಎಪ್ಪತ್ತು ಸಾವಿರ ಹಿಡೀರಿ" ಅಂದ. ಕಡೀಗೆ ಎಪ್ಪತ್ತು ಸಾವಿರ ಅಲ್ಲ, ಒಂದು ಆಯಿಲ್ ಸೀಲ್ (ಆಯಿಲ್ ಸೋರದಂಗ ತಡಿಯೋ ರಬ್ಬರ್ ಬಳಿ) ಮತ್ತ ಒಂದು ಡಬ್ಬಿ ಎಟಿಎಫ್ ರೊಕ್ಕದಾಗ ಮುಗೀತು. ಆದ್ರ ಅಲ್ಲಿಗೆ ಮುಟ್ಟಲಿಕ್ಕ ಹನ್ನೊಂದು ದಿನ ಹಿಡೀತು, ನಡಕ ನಾನೇ ಇನ್ನೊಂದು ತಪ್ಪು ಮಾಡಿ ಬ್ಯಾನಿ ಡಬಲ್ ಮಾಡ್ಕೊಂಡೆ. ನಿಮಗ ಆ ಹನ್ನೊಂದು ದಿನ ಉಳೀಲಿ ಅಂತ ಬರೀಲಿಕತ್ತೀನಿ.

ಮೊದಲ ನಿಮ್ಮ ಗಾಡ್ಯಾಗ ಇರೋದು ಯಾವ ಆಟೋಮ್ಯಾಟಿಕ್ ಅಂತ ಗೊತ್ತಿರ್ಲಿ

ನಮ್ಮ ಕಡಿ ಕ್ಲಚ್ ಪೆಡಲ್ ಇಲ್ಲದ್ದಕ್ಕೆಲ್ಲಾ ಆಟೋಮ್ಯಾಟಿಕ್ ಅಂತಾರ. ಒಳಗ ನಾಕು ಜಾತಿ ಅವ. ಸಣ್ಣ ಗಾಡ್ಯಾಗ ಬರೋ ಎಎಂಟಿ, ಅಂದ್ರ ಮಾರುತಿದವ್ರು ಎಜಿಎಸ್ ಅಂತಾರಲ್ಲ ಅದು, ಖರೇ ಹೇಳ್ಬೇಕಂದ್ರ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋ, ಗೇರ್ ಹಾಕೋ ಕೆಲಸ ಯಂತ್ರ ಮಾಡ್ತದ ಅಷ್ಟೇ. ಅದಕ್ಕ ಎಟಿಎಫ್ ಹಾಕೋ ಪ್ರಶ್ನೆನೇ ಇಲ್ಲ, ಒಳಗ ಇರೋದು ಗೇರ್ ಆಯಿಲ್, ಗೇರ್ ಬದಲಾಗುವಾಗ ತಲಿ ಮುಂದ ಹಿಂದ ಆಡೋದು ಅದರ ಹುಟ್ಟುಗುಣ. ಸಿವಿಟಿಗೆ, ಅಂದ್ರ ಗೇರ್ ಹಲ್ಲಿನ ಬದಲಿ ಬೆಲ್ಟ್, ಪುಲ್ಲಿ ಮ್ಯಾಲ ನಡ್ಯೋದಕ್ಕ, ಬ್ಯಾರೆ ಸಿವಿಟಿ ಫ್ಲೂಯಿಡ್ಡೇ ಬೇಕು, ಅದ್ರಾಗ ಎಟಿಎಫ್ ಸುರುವಿದ್ರ ಒಳಗಿನ ಉಕ್ಕಿನ ಬೆಲ್ಟಿಗೆ ಬೇಕಾದ ಹಿಡಿತ ಸಿಗಂಗಿಲ್ಲ, ಬೆಲ್ಟ್ ಜಾರಿ ಪುಲ್ಲಿ ಗೀಚ್ತದ, ಅಲ್ಲಿಗೆ ಕಥಿ ಮುಗೀತು. ಡಿಸಿಟಿ, ಅಂದ್ರ ಎರಡು ಕ್ಲಚ್ ಇರೋದು, ಮತ್ತೊಂದು, ಅದರ ಸುದ್ದಿಗೆ ಮನ್ಯಾಗ ಹೋಗಬ್ಯಾಡ್ರಿ. ಇಲ್ಲಿ ಬರೆದದ್ದೆಲ್ಲಾ ನಾಕನೇದ್ದು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿನ ಆಯಿಲಿನ ಮೂಲಕ ಗೇರಿಗೆ ದಾಟಿಸೋ ಡಬ್ಬಿ) ಇರೋ ಗೇರ್‌ಬಾಕ್ಸ್‌ದು.

ಅದ್ರಾಗೂ ಆಯಿಲ್ ಎಲ್ಲಾ ಒಂದೇ ಅಲ್ಲ. ಹ್ಯುಂಡೈ, ಕಿಯಾದ 6 ಸ್ಪೀಡಿಗೆ ಎಸ್‌ಪಿ-4, ಟೊಯೋಟಾಕ್ಕ ಡಬ್ಲ್ಯೂಎಸ್, ಹೋಂಡಾದ ಹಳೇ 5 ಸ್ಪೀಡಿಗೆ ಡಿಡಬ್ಲ್ಯೂ-1, ಅದೇ ಹೋಂಡಾದ ಹೊಸಾ ಸಿವಿಟಿಗೆ ಎಚ್‌ಸಿಎಫ್-2. "ಎಲ್ಲಾ ಕೆಂಪೇ ಅದ ತಗೊಳ್ರಿ, ಡೆಕ್ಸ್ರಾನ್ ಎಲ್ಲಾದಕ್ಕೂ ನಡೀತದ" ಅಂತ ಇನ್ನೊಂದು ಜಾತಿ ಎಟಿಎಫ್ ತೋರ್ಸಿ ಅಂಗಡಿಯಾಂವ ಅಂದ್ರ ಕೈ ಮುಗಿದು ಬರ್ರಿ. ಬಣ್ಣ ಸೋರಿಕಿ ಗುರ್ತು ಹಿಡೀಲಿಕ್ಕ ಹಾಕಿದ್ದು, ಗುಣ ತೋರ್ಸಲಿಕ್ಕಲ್ಲ. ಒಳಗಿನ ಕ್ಲಚ್ ಎಷ್ಟು ಜಾರ್ಬೇಕು ಎಷ್ಟು ಕಚ್ಚಬೇಕು ಅನ್ನೋದು ಆಯಿಲಿನಾಗ ಬೆರೆಸಿದ ಮದ್ದಿನ ಮ್ಯಾಲ ಅದ. ಗಾಡಿ ಜೋಡಿ ಕಂಪನಿ ಕೊಟ್ಟ ಪುಸ್ತಕದಾಗ ಏನ್ ಬರದದ ಅದೇ, ಮುಗೀತು.

ನಾ ಮಾಡಿದ್ದು ಏನು

ಗಾಡಿ 2012ರದ್ದು, ನಾ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಹಳೇ ಮಾಲಕ ಎಟಿಎಫ್ ಯಾವಾಗ ಬದಲಿ ಮಾಡ್ಸಿದ್ನೋ ಗೊತ್ತಿಲ್ಲ. ಇದಕ್ಕ ಚೇಂಬರ್ (ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟಿ) ಬಿಚ್ಚೋ ಕೆಲಸ ಇಲ್ಲ, ಕೆಳಗ ಚೌಕಾಣಿ ತೂತಿನ ಡ್ರೇನ್ ಬೋಲ್ಟ್, ಮ್ಯಾಲ ಹಾಕಲಿಕ್ಕ ದಾರಿ, ಮುಂದಿನ ಬಾಜೂಕ ಗೇಜ್ ಕಡ್ಡಿ. ಪುಸ್ತಕದ ಲೆಕ್ಕದಾಗ ಒಳಗ ಒಟ್ಟು ಹೆಚ್ಚುಕಮ್ಮಿ 6 ಲೀಟರ್, ಬೋಲ್ಟ್ ತೆಗೆದ್ರ ಬರೋದು ಎರಡೂವರೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಹೊಟ್ಯಾಗ, ಪೈಪಿನ್ಯಾಗ, ಕೂಲರ್‌ನ್ಯಾಗ ಕುಂತಿರ್ತದ, ಬಾ ಅಂದ್ರ ಬರಂಗಿಲ್ಲ.

ಒಂದು ಶ್ಯಾಣೇತನ ಮಾಡಿದ್ದೆ, ಹಾಕೋ ತೂತಿನ ಬೋಲ್ಟ್ ಮೊದಲ ಸಡಿಲ್ ಮಾಡಿ ನೋಡಿ ಆಮ್ಯಾಲ ಕೆಳಗಿಂದು ಬಿಚ್ಚಿದೆ. ಇದು ಕಡ್ಡಾಯ ಮಾಡ್ರಿ. ಹಳೇ ಆಯಿಲ್ ಎಲ್ಲಾ ಸುರುವಿದ ಮ್ಯಾಲ ಮ್ಯಾಲಿನ ಬೋಲ್ಟ್ ಜಾಮ್ ಆಗ್ಯದ ಅಂತ ಗೊತ್ತಾದ್ರ ಗಾಡಿ ಅಲ್ಲೇ ಕೂಡ್ತದ, ಟೋಯಿಂಗ್ ಬಿಟ್ರ ಗತಿ ಇಲ್ಲ. ಇನ್ನೊಂದು, ಜ್ಯಾಕ್ ಒಂದ್ರ ಮ್ಯಾಲ ಗಾಡಿ ನಿಲ್ಲಿಸಿ ಕೆಳಗ ಹೋಗಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ. ನಮ್ಮ ಮನಿ ಅಂಗಳಕ್ಕ ಶಹಾಬಾದ್ ಕಲ್ಲಿನ ಫರಸಿ, ಸ್ಟ್ಯಾಂಡಿನ ಕಾಲು ಅದ್ರ ಮ್ಯಾಲ ಜಾರ್ತಾವ, ಕಲ್ಲೂ ಸೀಳಬಹುದು, ಕೆಳಗ ದಪ್ಪ ಹಲಗಿ ಹಾಕಿದ್ರ ಚಿಂತಿಲ್ಲ.

ಡ್ರೇನ್ ಬೋಲ್ಟಿನ ತುದಿಗೆ ಚುಂಬಕ ಇರ್ತದ. ಅದನ್ನ ಒರಸಿ ಒಗೀಬ್ಯಾಡ್ರಿ, ಬೆಳಕಿಗೆ ಹಿಡಿದು ನೋಡ್ರಿ. ನಂದ್ರ ಮ್ಯಾಲ ಬೂದಿ ಬಣ್ಣದ ಮುಲಾಮಿನಂಥದ್ದು ಕಡ್ಲಿಕಾಳಿನಷ್ಟು ಕುಂತಿತ್ತು. ಎರಡು ಬಟ್ಟಿನ ನಡಕ ತಿಕ್ಕಿದ್ರ ಕಾಡಿಗಿ ಹಂಗ ನುಣ್ಣಗ ಹತ್ತಿಕೊಂಡ್ತು, ಚುಚ್ಚಲಿಲ್ಲ. ಅದು ಸಹಜ ಸವೆತ. ಉಗುರಿಗೆ ತಾಕೋವಂಥ ಚೂರು, ಹೊಳ್ಯೋ ಎಳೆ ಸಿಕ್ರ ಒಳಗ ಏನೋ ತಿಂದದ ಅಂತ ಅರ್ಥ, ಅದು ಆಯಿಲಿಂದ ಸರಿ ಆಗೋ ಮಾತಲ್ಲ. ಆಯಿಲಿಂದೂ ಒಂದು ಹನಿ ಬಿಳೀ ಕಾಗದದ ಮ್ಯಾಲ ಬಿಟ್ಟು ಹತ್ತು ನಿಮಿಷ ಬಿಡ್ರಿ. ನಂದು ಚಹಾ ಡಿಕಾಕ್ಷನ್ ಬಣ್ಣದಾಗ ಅಗಲಾಗಿ ಹರಡ್ತು, ನಡಕ ಕರೀ ಚುಕ್ಕಿ ನಿಲ್ಲಲಿಲ್ಲ, ಸುಟ್ಟ ವಾಸನಿ ಇರಲಿಲ್ಲ. ಹಳೇದಾಗ್ಯದ, ಕೆಟ್ಟಿಲ್ಲ. ಕರೀ ಮಸಿ ಹಂಗಾಗಿ ಸುಟ್ಟ ವಾಸನಿ ಬಂದಿದ್ರ ಬದಲಿ ಮಾಡೋದು ನಿಲ್ಲಿಸಿ ಗೇರ್‌ಬಾಕ್ಸ್ ಬಲ್ಲವ್ರಿಗೆ ತೋರಿಸ್ತಿದ್ದೆ, ಯಾಕಂದ್ರ ಮೊದಲೇ ಜಾರ್ಲಿಕತ್ತಿದ್ದ ಕ್ಲಚ್ಚಿಗೆ ಹೊಸಾ ಆಯಿಲ್ ಹಾಕಿ "ಹೊಸಾ ಆಯಿಲಿಂದ ಕೆಡ್ತು" ಅಂತ ಅಳೋರನ್ನ ಭಾಳ ನೋಡೀನಿ.

ಈಗ ನನ್ನ ತಪ್ಪು ನೋಡ್ರಿ. ಹಳೇದ್ದು ಅಳತಿ ಡಬ್ಬ್ಯಾಗ ಹಿಡಿದೆ, ಬಂದದ್ದು 1.9 ಲೀಟರ್. ಪುಸ್ತಕ ಎರಡೂವರೆ ಅಂತದ. "ಎಷ್ಟು ಹೋಗ್ಯದೋ ಅಷ್ಟೇ ಹಾಕು" ಅಂತ ಎಲ್ಲಾರೂ ಹೇಳ್ತಾರಲ್ಲ, ನಾನೂ 1.9 ಹಾಕಿ, ಇಂಜಿನ್ ಬಿಸಿ ಮಾಡಿ, ಬಂದ್ ಮಾಡಿ, ಗೇಜ್ ಕಡ್ಡಿ ಎಳೆದು ನೋಡಿದೆ, ಮ್ಯಾಲಿನ ಗೆರಿಗೆ ಬರೋಬ್ಬರಿ ನಿಂತಿತ್ತು. ಖುಷಿಲೇ ಕೈ ತೊಳಕೊಂಡೆ. ಆರುನೂರು ಎಂಎಲ್ ಎಲ್ಲಿ ಹೋತು ಅಂತ ಕೇಳ್ಕೊಳ್ಳಲೇ ಇಲ್ಲ. ಎರಡು ತಿಂಗಳಿಂದ ನಮ್ಮ ಮನೆಯಾಕಿ ರಂಗೋಲಿ ಹಾಕೋ ಜಾಗದಾಗ ಎಂಟಾಣೆ ಅಗಲ ಕೆಂಪು ಕಲೆ ಬೀಳ್ತದ ಅಂತ ಬೈಲಿಕತ್ತಿದ್ಲು, ಸೋಡಾ ಹಾಕಿ ತಿಕ್ಕಿ ತಿಕ್ಕಿ ಕಲ್ಲು ಬೆಳ್ಳಗಾಗಿತ್ತು. ಅದೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಕಮ್ಮಿ ಇದ್ರೂ ಅದೇ, ಜಾಸ್ತಿ ಇದ್ರೂ ಅದೇ

ಸೋಮವಾರದ ಗದ್ದಲ ಆದ ಮ್ಯಾಲ ನಮ್ಮ ಅಕ್ಕನ ಮಗ ಬಂದ. ಅಂವಂದು ಬ್ಯಾರೆ ಕಂಪನಿ ಗಾಡಿ. "ಮಾಮಾ, ಎಟಿಎಫ್ ಇಂಜಿನ್ ಬಂದ್ ಮಾಡಿ ನೋಡೋದಲ್ಲ, ಚಾಲೂ ಇಟ್ಟು ನೋಡ್ಬೇಕು, ನಮ್ದು ಹಂಗೇ ನೋಡ್ತಾರ" ಅಂದ. ಹುಡುಗ ಸುಳ್ಳು ಹೇಳಿಲ್ಲ, ಅಂವನ ಗಾಡಿಗೆ ಅದೇ ಖರೇ. ಇಂಜಿನ್ ಚಾಲೂ ಇಟ್ಟು ಕಡ್ಡಿ ಎಳೆದ್ರ ಆಯಿಲ್ ಕೆಳಗಿನ ಗೆರಿಗೂ ಮುಟ್ಟಿಲ್ಲ. ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿ, ಒಂದು ಲೀಟರ್ ಸುರುವಿ, ಮತ್ತ ನೋಡಿ, ಮತ್ತೊಂದಿಷ್ಟು ಸುರುವಿ, ಒಟ್ಟು ಒಂದು ಲೀಟರ್ ಎರಡುನೂರು ಹಾಕಿದ ಮ್ಯಾಲ ಗೆರಿಗೆ ಬಂತು.

ಮರುದಿನ ಮುಂಜಾನಿ ಗೇರ್ ಬೆಣ್ಣಿ ಹಂಗ ಬಿತ್ತು. ಗೆದ್ದೆ ಅಂದ್ಕೊಂಡು ಹುಮನಾಬಾದ್ ರೋಡ್ ಹಿಡಿದೆ. ಅರ್ಧ ತಾಸು ಎಂಬತ್ತು ತೊಂಬತ್ತರಾಗ ಓಡಿಸಿದ ಮ್ಯಾಲ ಕಮಲಾಪುರ ಕಡಿ ಒಂದು ಲಾರಿ ಓವರ್‌ಟೇಕ್ ಮಾಡಬೇಕಂತ ಒತ್ತಿದ್ರ ಮತ್ತ ಗುಂಯ್, ಗಾಡಿ ಎಳೀವಲ್ದು. ಸೈಡಿಗೆ ಹಾಕಿ ಬಾನೆಟ್ ತೆಗೆದ್ರ ಗೇರ್‌ಬಾಕ್ಸಿನ ಉಸಿರು ಕೊಳವಿಯಿಂದ ಗುಲಾಬಿ ನೊರಿ ಬಂದು ಸುತ್ತಾ ಹರದದ, ಬಿಸಿ ಆಯಿಲಿನ ವಾಸನಿ ಗಪ್ಪಂತ ಮೂಗಿಗೆ ಬಡೀತು.

ಇಲ್ಲೇ ಮಂದಿ ದಾರಿ ತಪ್ಪೋದು. ಗೇರ್‌ಬಾಕ್ಸಿನ ಒಳಗ ಎಲ್ಲಾ ಕೆಲಸ ಆಯಿಲಿನ ಒತ್ತಡದ ಮ್ಯಾಲ ನಡೀತದ, ಪಂಪ್ ಆಯಿಲ್ ಎಳೆದು ಒತ್ತಿ ಕೊಟ್ರನೇ ಕ್ಲಚ್ ಪ್ಲೇಟ್ ಒಂದಕ್ಕೊಂದು ಕಚ್ಚೋದು. ಆಯಿಲ್ ಕಮ್ಮಿ ಇದ್ರ ಪಂಪ್ ಆಯಿಲ್ ಜೋಡಿ ಗಾಳಿನೂ ಎಳೀತದ. ಜಾಸ್ತಿ ಇದ್ರ ಗರಗರ ತಿರುಗೋ ಗೇರ್ ಹಲ್ಲು ಆಯಿಲಿನ್ಯಾಗ ಮುಳುಗಿ ಮಜ್ಜಿಗಿ ಕಡೆದಂಗ ಕಡೀತಾವ, ನೊರಿ ಏಳ್ತದ, ಆಗೂ ಪಂಪಿಗೆ ಸಿಗೋದು ಗಾಳಿನೇ. ಗಾಳಿ ಒತ್ತಿದ್ರ ಕುಗ್ತದ, ಆಯಿಲ್ ಕುಗ್ಗಂಗಿಲ್ಲ. ಅದಕ್ಕ ಎರಡರಾಗೂ ಒಂದೇ ಬ್ಯಾನಿ, ಗೇರ್ ಲೇಟ್, ಆರ್‌ಪಿಎಂ ಜಿಗಿತ. ಫರಕ ಹೊತ್ತಿನ್ಯಾಗ ಅದ: ಕಮ್ಮಿ ಇದ್ದದ್ದು ಮುಂಜಾನಿ ತಣ್ಣಗಿದ್ದಾಗ, ತಿರುವಿನ್ಯಾಗ, ಏರಿನ್ಯಾಗ ಕಾಡ್ತದ, ಬಿಸಿ ಆದ ಮ್ಯಾಲ ಆಯಿಲ್ ಉಬ್ಬಿ ಎಷ್ಟೋ ಸಲ ಸುಮ್ಮನಾಗ್ತದ. ಜಾಸ್ತಿ ಇದ್ದದ್ದು ಮುಂಜಾನಿ ಛಲೋ, ಹೈವೇದಾಗ ಬಿಸಿ ಆದ ಮ್ಯಾಲ ಶುರು ಆಗ್ತದ. ನಿಮ್ಮ ಗಾಡಿ ಯಾವ ಹೊತ್ತಿನ್ಯಾಗ ತಕರಾರು ಮಾಡ್ತದ ಅಂತ ಎರಡು ದಿನ ಬರೆದಿಡ್ರಿ, ಅರ್ಧ ಉತ್ತರ ಅದ್ರಾಗೇ ಸಿಗ್ತದ.

ಉಸ್ತಾದ್ ಕೇಳಿದ ಪ್ರಶ್ನೆ

ನಮ್ಮ ಓಣ್ಯಾಗ ಒಬ್ರು ವಯಸ್ಸಾದ ಮಿಸ್ತ್ರಿ ಇದ್ದಾರ, ಎಲ್ಲಾರೂ ಉಸ್ತಾದ್ ಅಂತಾರ. ಈಗ ಕೆಲಸ ಬಿಟ್ಟಾರ, ಸಂಜಿಕ ಕಟ್ಟಿ ಮ್ಯಾಲ ಕುಂತಿರ್ತಾರ. ಎಲ್ಲಾ ಕಥಿ ಹೇಳಿದೆ. ಅವ್ರು ಗೇರ್‌ಬಾಕ್ಸ್ ಸುದ್ದಿನೇ ತೆಗೀಲಿಲ್ಲ. "ಸೋಮವಾರ ಮುಂಜಾನಿ ಡಿ ಬಿದ್ದೇ ಇರಲಿಲ್ಲ ಅಂತೀರಿ, ಮತ್ತ ಗಾಡಿ ಗೇಟ್ ತನಕ ಹೆಂಗ ಬಂತ್ರಿ?" ಅಂದ್ರು.

ನಾ ಬಾಯಿ ತೆಗೆದವ್ನು ಹಂಗೇ ಮುಚ್ಚಿದೆ. ಉರುಳಿಕೊಂಡು ಬಂದಿತ್ತು!

ಮಳಿ ನೀರು ಹೊರಗ ಹೋಗಲಿ ಅಂತ ಅಂಗಳದ ಫರಸಿನ ಗೇಟಿನ ಕಡಿ ಇಳಿಜಾರು ಹಾಕ್ಸಿದ್ದು ನಮ್ಮಪ್ಪನೇ. ದಿನಾ ನೋಡೋ ನೆಲ, ಸಪಾಟೇ ಕಾಣ್ತದ. ಮರುದಿನ ಬಾಜೂ ಕಟ್ಟಡದ ಗೌಂಡಿ ಹತ್ರ ಲೆವೆಲ್ ಪೈಪ್ ತಂದು, ನೀರು ತುಂಬಿ, ಒಂದು ತುದಿ ಮುಂದಿನ ಗಾಲಿ ಹತ್ರ, ಇನ್ನೊಂದು ಹಿಂದಿನ ಗಾಲಿ ಹತ್ರ ಹಿಡಿದೆವು. ನೆಲದಿಂದ ನೀರಿನ ತನಕ ಮುಂದ 52 ಸೆಂಟಿಮೀಟರ್, ಹಿಂದ 42. ಅಂದ್ರ ಗಾಡಿ ಮೂತಿ 10 ಸೆಂಟಿಮೀಟರ್ ಕೆಳಗ. ಗೇಜ್ ಕಡ್ಡಿ ಇರೋದೂ ಗೇರ್‌ಬಾಕ್ಸಿನ ಮುಂದಿನ ಬಾಜೂಕ, ಆಯಿಲ್ ಎಲ್ಲಾ ಮುಂದಕ್ಕ ಸರದು ಕಡ್ಡಿಗೆ ಹತ್ತಿತ್ತು, ಅದಕ್ಕ ಕಮ್ಮಿ ಇದ್ದದ್ದು ಫುಲ್ ಕಾಣಿಸ್ತು. ಪರಾತದಾಗ ನೀರು ಹಾಕಿ ಒಂದು ಬಾಜೂ ಎತ್ತಿ ನೋಡ್ರಿ, ಅಷ್ಟೇ ಸುದ್ದಿ.

ಲೆವೆಲ್ ನೋಡೋ ಸರಿಯಾದ ರೀತಿ

ಇದಕ್ಕ ಎಲ್ಲಾ ಗಾಡಿಗೂ ಒಂದೇ ನಿಯಮ ಇಲ್ಲ ಅನ್ನೋದೇ ಮುಖ್ಯ. ಕಡ್ಡಿ ಇರೋ ಬಹಳಷ್ಟು ಗಾಡ್ಯಾಗ ಇಂಜಿನ್ ಬಿಸಿ ಆದ ಮ್ಯಾಲ, ಬ್ರೇಕ್ ಒತ್ತಿ ಹಿಡಿದು, ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಎಲ್ಲಾ ಕಡಿ ಒಂದೆರಡು ಸೆಕೆಂಡ್ ನಿಲ್ಲಿಸಿ ಮತ್ತ ಪಿಗೆ ತಂದು, ಇಂಜಿನ್ ಚಾಲೂ ಇದ್ದಾಗಲೇ ಕಡ್ಡಿ ನೋಡ್ತಾರ. ಹೋಂಡಾದ ಹಳೇ ಆಟೋಮ್ಯಾಟಿಕ್‌ದಾಗ ಉಲ್ಟಾ, ರೇಡಿಯೇಟರ್ ಫ್ಯಾನ್ ತಿರುಗೋ ತನಕ ಬಿಸಿ ಮಾಡಿ, ಇಂಜಿನ್ ಬಂದ್ ಮಾಡಿ, ಒಂದು ನಿಮಿಷ ಬಿಟ್ಟು, ಒಂದೂವರೆ ನಿಮಿಷದೊಳಗ ನೋಡ್ಬೇಕು. ಇಂಜಿನ್ ಚಾಲೂ ಇದ್ದಾಗ ಪಂಪ್ ಆಯಿಲ್ ಎಳಕೊಂಡು ಮ್ಯಾಲ ಹಂಚಿರ್ತದ, ಕೆಳಗ ಕಮ್ಮಿ ಕಾಣ್ತದ. ನನ್ನ ಗಾಡಿ ಬಂದ್ ಮಾಡಿ ನೋಡೋ ಜಾತಿ, ಅಳಿಯ ಹೇಳಿದ ರೀತಿ ಚಾಲೂ ಇಟ್ಟು ನೋಡಿದ್ದಕ್ಕ ಜಾಸ್ತಿ ಆಗಿದ್ದು.

ಕಡ್ಡಿನೇ ಇಲ್ಲದ ಗಾಡಿನೂ ಈಗ ಭಾಳ ಅವ. ಅವುಕ್ಕ ಬಾಜೂಕ ಅಥವಾ ಕೆಳಗ ಒಂದು ಲೆವೆಲ್ ಬೋಲ್ಟ್ ಇರ್ತದ, ಇಂಜಿನ್ ಚಾಲೂ ಇದ್ದು ಆಯಿಲ್ ಒಂದು ಗೊತ್ತಾದ ಬಿಸಿಗೆ ಬಂದಾಗ ಅದನ್ನ ಬಿಚ್ಚಿ ನೋಡೋದು, ಸಣ್ಣ ದಾರದಂಗ ಸೋರಿ ನಿಂತ್ರ ಲೆವೆಲ್ ಬರೋಬ್ಬರಿ. ಹ್ಯುಂಡೈ 6 ಸ್ಪೀಡಿನ್ಯಾಗ ಆ ಬಿಸಿ 50ರಿಂದ 60 ಡಿಗ್ರಿ. ಬಿಸಿ ಅಳೀಲಿಕ್ಕ ಗಾಡಿ ಕಂಪ್ಯೂಟರಿಗೆ ಹಚ್ಚಿ ಓದೋ ಸ್ಕ್ಯಾನರ್ ಬೇಕು, ಕೈ ಹಚ್ಚಿ ಅಂದಾಜು ಮಾಡೋದಲ್ಲ. ಆರು ಲೀಟರ್ ಎಟಿಎಫ್ 30 ಡಿಗ್ರಿಯಿಂದ 80ಕ್ಕ ಹೋದ್ರ ಎರಡುನೂರು ಎಂಎಲ್‌ಗಿಂತ ಜಾಸ್ತಿ ಉಬ್ತದ. ನಮ್ಮ ಕಲಬುರಗಿ ಮೇ ತಿಂಗಳ ಮಧ್ಯಾಹ್ನದಾಗ 43 ಡಿಗ್ರಿ ಬಿಸಿಲಿಗೆ ನಿಂತ ಗಾಡಿನ "ತಣ್ಣಗದ" ಅಂತ ಲೆಕ್ಕ ಹಿಡೀಬ್ಯಾಡ್ರಿ, ಈ ಕೆಲಸಕ್ಕ ಬೆಳಗ್ಗಿನ ಹೊತ್ತೇ ಛಲೋ. ಬಿಸಿ ಆಯಿಲ್ ಮೊಣಕೈ ತನಕ ಹರೀತದ, ತುಂಬು ತೋಳಿನ ಅಂಗಿ ಹಾಕ್ಕೊಳ್ರಿ, ನಂಗ ಮಣಿಕಟ್ಟಿನ ಮ್ಯಾಲ ಕಲೆ ಇನ್ನೂ ಅದ.

ಸಪಾಟ ನೆಲ ಎಲ್ಲಿ ಹುಡುಕೋದು ಅಂದ್ರ, ನಾವು ಮುಂದಿನ ಗಾಲಿ ಕೆಳಗ ಹಲಗಿ ಮ್ಯಾಲ ಹಲಗಿ ಇಟ್ಟು ಹತ್ತಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಪೈಪಿನ ನೀರು ಎರಡೂ ಕಡಿ ಒಂದೇ ಆಗೋ ಹಂಗ ಮಾಡಿದೆವು. ಬಿಸಿ ಮಾಡಿ, ಬಂದ್ ಮಾಡಿ, ಒಂದು ನಿಮಿಷ ಎಣಿಸಿ ಕಡ್ಡಿ ಎಳೆದ್ರ ಮ್ಯಾಲಿನ ಗೆರಿ ದಾಟಿ ಎರಡು ಬಟ್ಟು ಮ್ಯಾಲ ಆಯಿಲ್! ಡ್ರೇನ್ ಬೋಲ್ಟ್ ಸಡಿಲ್ ಮಾಡಿ ಬಿಡ್ತಾ ಬಿಡ್ತಾ ನೋಡಿದ್ರ ಗೆರಿಗೆ ಬರಲಿಕ್ಕ ಐದುನೂರಾ ಐವತ್ತು ಎಂಎಲ್ ತೆಗೀಬೇಕಾತು. ಲೆಕ್ಕ ಹಾಕ್ರಿ, 1.9 ಮತ್ತ 1.2 ಕೂಡಿದ್ರ 3.1, ಅದ್ರಾಗ 0.55 ಕಳೆದ್ರ 2.55. ಪುಸ್ತಕ ಹೇಳಿದ ಎರಡೂವರೆ, ಮೊದಲ ದಿನನೇ ಕಣ್ಣ ಮುಂದ ಇತ್ತು.

ಲೆವೆಲ್ ಬರೋಬ್ಬರಿ ಇದ್ದೂ ತ್ರಾಸ ಇದ್ರ

ಆಗ ಬ್ಯಾರೆ ಕಡಿ ನೋಡ್ಬೇಕು. ಚೇಂಬರ್ ಬಿಚ್ಚಿ ಫಿಲ್ಟರ್ ಬದಲಿ ಮಾಡೋ ಗಾಡಿಗಳಾಗ ಫಿಲ್ಟರಿನ ಕುತ್ತಿಗಿಗೆ ಒಂದು ಓ ರಿಂಗ್ (ರಬ್ಬರ್ ಬಳಿ) ಇರ್ತದ, ಹಳೇದು ಮ್ಯಾಲೇ ಅಂಟಿಕೊಂಡು ಉಳಿದು ಹೊಸದೂ ಏರಿದ್ರ, ಇಲ್ಲಾ ಹೊಸದು ಸೊಟ್ಟ ಕುಂತ್ರ, ಪಂಪ್ ಅಲ್ಲಿಂದ ಗಾಳಿ ಎಳೀತದ. ಗುರ್ತು ಏನಂದ್ರ, ಪಿ ದಾಗ ನಿಂತಾಗಲೂ ಇಂಜಿನ್ ರೇಸ್ ಮಾಡಿದಂಗ ಕುಂಯ್ ಅನ್ನೋ ಸಪ್ಪಳ ಏರ್ತದ ಇಳೀತದ.

40ರಿಂದ 80ರ ನಡಕ, ಎಕ್ಸಲೇಟರ್ ಮ್ಯಾಲ ಕಾಲು ಹಗುರ ಇಟ್ಟಾಗ ಗಾಡಿ ನಡುಗ್ತದಾ, ರೋಡ್ ಮ್ಯಾಲ ಸಾಲಾಗಿ ಸಣ್ಣ ಹಂಪ್ ಇದ್ದಂಗ? ಅದು ಟಾರ್ಕ್ ಕನ್ವರ್ಟರಿನ ಒಳಗಿನ ಲಾಕಪ್ ಕ್ಲಚ್ಚಿನ (ಓಡುವಾಗ ಇಂಜಿನ್ನ ಗೇರ್‌ಬಾಕ್ಸಿಗೆ ನೇರ ಜೋಡಿಸೋದು) ನಡುಕ ಇರಬಹುದು. ಖಾಲಿ ರೋಡಿನ್ಯಾಗ, ನಾ ರಿಂಗ್ ರೋಡಿಗೆ ಬೆಳಗ್ಗೆ ಐದಕ್ಕ ಹೋಗ್ತೀನಿ, ನಡುಕ ಬಂದಾಗ ಎಡಗಾಲಿಲೇ ಬ್ರೇಕ್ ಪೆಡಲ್ ಸ್ವಲ್ಪೇ ಮುಟ್ಟಿ, ಬ್ರೇಕ್ ಲೈಟ್ ಹತ್ತೋವಷ್ಟು ಸಾಕು. ಲಾಕಪ್ ಬಿಟ್ಕೊಂಡು ನಡುಕ ತಟ್ಟನ ನಿಂತ್ರ ತಪ್ಪು ಅಲ್ಲೇ ಅದ, ಬಹಳ ಸಲ ಜಾತಿ ತಪ್ಪಿದ ಆಯಿಲ್, ಇಲ್ಲಾ ಇನ್ನೂ ಅರ್ಧಕ್ಕಿಂತ ಜಾಸ್ತಿ ಹಳೇದೇ ಉಳಿದದ್ದು. ನಿಲ್ಲದಿದ್ರ ಪ್ಲಗ್, ಕಾಯಿಲ್, ಇಂಜಿನ್ ಮೌಂಟ್ ನೋಡ್ರಿ, ಗೇರ್‌ಬಾಕ್ಸಿಗೆ ಬೈಬ್ಯಾಡ್ರಿ.

ಒಂದೇ ಗೇರಿನ್ಯಾಗ ಸಿಕ್ಕೊಂಡು ಡಿ ಅಕ್ಷರ ಮಿಣುಕ್ತಿದ್ರ ಗಾಡಿ ತನ್ನನ್ನ ತಾ ಉಳಿಸ್ಕೊಳ್ಳೋ ಮೋಡ್‌ನ್ಯಾಗ ಹೋಗ್ಯದ. ಆಯಿಲ್ ಹಾಕುವಾಗ ಏರ್ ಫಿಲ್ಟರ್ ಡಬ್ಬಿ ಸರಿಸಿರ್ತೀರಿ, ಯಾವುದಾದ್ರೂ ವೈರಿನ ಕನೆಕ್ಟರ್ ಟಕ್ ಅಂತ ಕೂತಿಲ್ಲ ಏನು ನೋಡ್ರಿ. ಆಮ್ಯಾಲ ಸ್ಕ್ಯಾನರ್ ಹಚ್ರಿ, ನಂದು ಎಂಟುನೂರು ರೂಪಾಯಿದ ಬ್ಲೂಟೂತ್ ಡಬ್ಬಿ. ಪಿ0700 ಅಂತ ಬಂದ್ರ "ಗೇರ್‌ಬಾಕ್ಸ್ ಕಂಪ್ಯೂಟರಿನ್ಯಾಗ ಏನೋ ಅದ, ಅಲ್ಲಿ ಕೇಳು" ಅಂದಷ್ಟೇ, ಅದೊಂದನ್ನ ತೋರ್ಸಿ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಪಿ0730 ಗೇರ್ ಜಾರೋದಕ್ಕ ಬರ್ತದ, ಪಿ0740 ಲಾಕಪ್ ಸುದ್ದಿ. ಜಾರೋ ಕೋಡ್ ಲೆವೆಲ್ ಕಮ್ಮಿ ಇದ್ರೂ ಬರಬಹುದು, ಹಂಗಾಗಿ ಲೆವೆಲ್ ಸರಿ ಮಾಡಿ, ಕೋಡ್ ಅಳಿಸಿ, ಓಡಿಸಿ, ಮತ್ತ ಬಂತಾ ನೋಡ್ಬೇಕು.

ಬದಲಿ ಮಾಡಿದ ಕೂಡ್ಲೇ ಗಾಡಿ ಪೂರ್ತಿ ಅಲುಗಾಡವಲ್ದು, ಆರ್ ಇಲ್ಲ ಡಿ ಇಲ್ಲ, ಸೈಲೆನ್ಸರಿನ್ಯಾಗ ನೀಲಿ ಮಿಶ್ರ ಬಿಳೀ ಹೊಗಿ ಬ್ಯಾರೆ? ಇಂಜಿನ್ ಆಯಿಲ್ ಬದಲಿ ಮಾಡ್ತೀನಂತ ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿ, ಹೊಸಾ ಇಂಜಿನ್ ಆಯಿಲ್ ಹಳೇದ್ರ ಮ್ಯಾಲೇ ಹಾಕಿರಬಹುದು ನೀವು. ನಗಬ್ಯಾಡ್ರಿ, ಎರಡೂ ಬೋಲ್ಟ್ ಬಾಜೂ ಬಾಜೂ ಇರ್ತಾವ. ಇಂಜಿನ್ ಮತ್ತ ಚಾಲೂ ಮಾಡಬ್ಯಾಡ್ರಿ, ಎರಡೂ ಸರಿ ಮಾಡಿದ ಮ್ಯಾಲೇ ಚಾವಿ ತಿರುವ್ರಿ.

ಕಡ್ಡಿ ಮ್ಯಾಲ ರಮ್ಜಾನ್‌ದಾಗ ಕುಡಿಯೋ ಗುಲಾಬಿ ಶರಬತ್ ಹಾಲಿನಂಥ ಬಣ್ಣ ಕಂಡ್ರ ಗಾಡಿ ಒಂದು ಹೆಜ್ಜಿ ಸುದ್ದಾ ಓಡಿಸಬ್ಯಾಡ್ರಿ. ಭಾಳ ಗಾಡ್ಯಾಗ ಎಟಿಎಫ್ ತಣ್ಣಗ ಮಾಡೋ ಕೂಲರ್ ರೇಡಿಯೇಟರಿನ ಹೊಟ್ಯಾಗೇ ಇರ್ತದ, ಅದು ಸೀಳಿದ್ರ ಕೂಲಂಟ್ ಮತ್ತ ಎಟಿಎಫ್ ಕೂಡ್ತಾವ. ಕೂಲಂಟ್ ಕ್ಲಚ್ ಪ್ಲೇಟಿನ ಅಂಟು ಬಿಡಿಸ್ತದ. ರೇಡಿಯೇಟರ್ ಮುಚ್ಚಳದಾಗೂ ಎಣ್ಣಿ ತೇಲ್ತದೇನು ನೋಡ್ರಿ, ಇಂಜಿನ್ ಪೂರಾ ತಣ್ಣಗಾದ ಮ್ಯಾಲ ಮತ್ತ.

ಹನಿ ಹನಿ ಸೋರಿಕಿ ಇದ್ರ ಬೋಲ್ಟಿನ ವಾಷರ್ ಹಳೇದೇ ಹಾಕಿರಬಹುದು ನೀವು. ಅದು ಮೆತ್ತಗಿನ ಲೋಹದ್ದು, ಒಮ್ಮೆ ಬಿಗಿದ್ರ ಚಪ್ಪಟ ಆಗಿ ಜಾಗ ತುಂಬ್ತದ, ಎರಡನೇ ಸಲ ಆಗಂಗಿಲ್ಲ. ಸೋರ್ತದಂತ ಮೈ ಭಾರ ಹಾಕಿ ಬಿಗಿಬ್ಯಾಡ್ರಿ, ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂದು, ಹಲ್ಲು ಕಿತ್ತು ಬಂದ್ರ ಅಲ್ಲಿಗೆ ಎರಡು ದಿನದ ಕೆಲಸ.

ನಂದ್ರ ಸೋರಿಕಿ ಬೋಲ್ಟಿಂದಲ್ಲ. ಡ್ರೈವರ್ ಬಾಜೂ ಅಲ್ಲ, ಎಡಗಡಿ ಬಾಜೂಕಿನ ಎಕ್ಸಲ್ ಗೇರ್‌ಬಾಕ್ಸಿಗೆ ಸೇರೋ ಜಾಗದಾಗ ಕರೀ ಮಣ್ಣು ಎಣ್ಣಿ ಕುಡಿದು ಅಂಗೈಯಷ್ಟು ದಪ್ಪ ಅಂಟಿತ್ತು. ಸ್ಕ್ರೂಡ್ರೈವರಿಲೇ ಕೆರದು, ಬಟ್ಟಿಲೇ ಒರಸಿ, ಒಂದು ದಿನ ಓಡಿಸಿ ನೋಡಿದ್ರ ಸೀಲಿನ ತುಟಿಯಿಂದ ಹೊಸಾ ಕೆಂಪು ಗೆರಿ ಇಳದಿತ್ತು. ಆರುನೂರು ಎಂಎಲ್ ಅಲ್ಲಿಂದ ಒಂದೊಂದೇ ಹನಿ ರಂಗೋಲಿ ಮ್ಯಾಲ ಹೋಗಿತ್ತು. ಸೀಲ್ ಬದಲಿ ಮಾಡೋದು ನನ್ನ ಕೈಲಿ ಆಗೋದಲ್ಲ, ಉಸ್ತಾದ್ ಅವ್ರ ಮಗ ಮಾಡಿಕೊಟ್ಟ, ಎಕ್ಸಲ್ ಎಳೆದಾಗ ಮತ್ತಷ್ಟು ಆಯಿಲ್ ಬಂತು, ಅದನ್ನೂ ಅಳೆದು ಹಾಕಿದೆವು.

ಈಗ ಒಂದು ತಿಂಗಳಾತು, ಮುಂಜಾನಿ ಡಿ ಹಾಕಿದ್ರ ಒಂದು ಸೆಕೆಂಡಿನೊಳಗ ಹಿಡೀತದ. ಒಮ್ಮೆ ಬದಲಿ ಮಾಡಿದ್ರ ಆರರಾಗ ಎರಡೂವರೆನೇ ಹೊಸದು, ಅಂದ್ರ ನೂರಕ್ಕ ನಲವತ್ತರ ಸುಮಾರು. ಎರಡನೇ ಸಲಕ್ಕ ಅರವತ್ತೈದು, ಮೂರನೇ ಸಲಕ್ಕ ಎಂಬತ್ತು ಆಗ್ತದ. ಹಂಗಾಗಿ ಸಾವಿರ ಕಿಲೋಮೀಟರ್ ಆದ ಮ್ಯಾಲ ಇನ್ನೊಮ್ಮೆ ಮಾಡೋದದ, ಯಂತ್ರ ಹಚ್ಚಿ ಫ್ಲಶ್ ಮಾಡ್ಸೋಕಿಂತ ಹಳೇ ಗಾಡಿಗೆ ಇದೇ ಮೆತ್ತಗಿನ ದಾರಿ ಅಂತ ನಂಗ ಅನಸ್ತದ, ಒಪ್ಪದವ್ರೂ ಇದ್ದಾರ. ತೆಗೆದ ಹಳೇ ಆಯಿಲ್ ಕ್ಯಾನಿನ್ಯಾಗ ಮುಚ್ಚಿ ಇಟ್ಟೀನಿ, ಗ್ಯಾರೇಜಿನವ್ರು ಹಳೇ ಆಯಿಲ್ ತಗೊಳ್ಳೋರಿಗೆ ಕೊಡ್ತಾರಲ್ಲ, ಅದ್ರ ಜೋಡಿ ಕಳಸೋದು. ನಮ್ಮ ಕಾಕಾ ಗೆದ್ದಲಿಗೆ ಹಚ್ತೀನಿ ಕೊಡು ಅಂತ ಎರಡು ಸಲ ಬಂದು ಹೋದ, ಕೊಟ್ಟಿಲ್ಲ, ಅವ್ರ ಬಾಗಿಲ ಬಾಜೂಕೇ ಬೋರ್‌ವೆಲ್ ಅದ.